ಎಂಜಿನ್ ತಣ್ಣಗಿರುವಾಗ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೊದಲು ಬೆಲೆ ಕೇಳುವುದಿಲ್ಲ. ತುಟಿ ಎತ್ತಿ ಹಲ್ಲು ನೋಡುತ್ತಾನೆ. ಮೈಮೇಲಿನ ಸುಳಿ ಹುಡುಕುತ್ತಾನೆ. ಗೊರಸು ತಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿಯುವ ವ್ಯಾಪಾರ ಆಮೇಲಿನದು. ಮಾರುವವನ ಮಾತಿಗಿಂತ ದನದ ಮೈ ಹೆಚ್ಚು ನಿಜ ಹೇಳುತ್ತದೆ ಎಂಬುದು ಅವನಿಗೆ ಗೊತ್ತು.

ಆಸ್ಟ್ರೇಲಿಯದ ಸಿಡ್ನಿಯಲ್ಲಿ ಇಂಥದೇ ಇನ್ನೊಂದು ಸಂತೆ ವರ್ಷವಿಡೀ ನಡೆಯುತ್ತದೆ. ಅದಕ್ಕೆ ಮೈದಾನವಿಲ್ಲ. ಅಗ್ಗದ ವಸತಿಗೃಹಗಳ ಗೋಡೆಯ ಮೇಲೆ, ಈಗೀಗ ಹೆಚ್ಚಾಗಿ ಮೊಬೈಲ್ ಪರದೆಯ ಮೇಲೆ, ‘ಹಾಸಿಗೆ, ಒಲೆ, ಫ್ರಿಜ್, ಎರಡು ಮಡಚುವ ಕುರ್ಚಿ ಸಮೇತ, ಊರಿಗೆ ಹೊರಟಿದ್ದೇವೆ, ತುರ್ತು ಮಾರಾಟ’ ಎಂಬ ಜಾಹೀರಾತುಗಳು ಕಾಣುತ್ತವೆ. ಮಾರುವುದು ಎತ್ತಲ್ಲ, ಕ್ಯಾಂಪರ್ ವ್ಯಾನ್. ಸಾಮಾನು ಸಾಗಿಸುವ ಹಳೆಯ ವ್ಯಾನಿನ ಒಳಗೆ ಹಲಗೆ ಹೊಡೆದು ಮಂಚ ಮಾಡಿ, ಹಿಂಬಾಗಿಲ ಬಳಿ ಒಲೆಗೊಂದು ಗೂಡು ಇಟ್ಟರೆ ಅದೇ ಮನೆ, ಅದೇ ವಾಹನ. ಕೊಳ್ಳುವವರಲ್ಲಿ ಬಹುಪಾಲು ಮೂವತ್ತರ ಒಳಗಿನವರು. ಜರ್ಮನಿ, ಫ್ರಾನ್ಸ್, ಬ್ರಿಟನ್, ಜಪಾನ್ ಕಡೆಯಿಂದ ಒಂದು ವರ್ಷದ ಮಟ್ಟಿಗೆ ಬಂದು, ಕೆಲವು ತಿಂಗಳು ದುಡಿದು, ಕೆಲವು ತಿಂಗಳು ಸುತ್ತಿ, ವ್ಯಾನನ್ನು ಇನ್ನೊಬ್ಬರಿಗೆ ದಾಟಿಸಿ ವಿಮಾನ ಹತ್ತುವವರು. ಒಂದೇ ವ್ಯಾನು ಹತ್ತಾರು ಕೈ ಬದಲಾಯಿಸಿ ಆ ಖಂಡವನ್ನು ಹತ್ತಾರು ಸಲ ಸುತ್ತಿರುವುದುಂಟು.

ಖಂಡ ಎಂದರೆ ಸಣ್ಣ ಮಾತಲ್ಲ. ಆಸ್ಟ್ರೇಲಿಯದ ವಿಸ್ತೀರ್ಣ ಸುಮಾರು 77 ಲಕ್ಷ ಚದರ ಕಿಲೋಮೀಟರ್. ಹೆಚ್ಚುಕಡಿಮೆ 40 ಕರ್ನಾಟಕ ಅದರೊಳಗೆ ಕೂರುತ್ತವೆ. ಸಿಡ್ನಿಯಿಂದ ಪರ್ತ್‌ಗೆ ರಸ್ತೆಯಲ್ಲಿ ಸುಮಾರು 4,000 ಕಿಲೋಮೀಟರ್. ನಡುವೆ ನೂರಾರು ಕಿಲೋಮೀಟರ್ ಊರೇ ಇಲ್ಲದ ದಾರಿ. ಬಸ್ಸಿನಲ್ಲಿ, ರೈಲಿನಲ್ಲಿ ಹೋಗಬಹುದು. ಆದರೆ ಬೇಕೆಂದಲ್ಲಿ ನಿಲ್ಲಲಾಗದು. ಹಾಗಾಗಿಯೇ ವ್ಯಾನಿನ ಮೋಹ.

ಈ ಸಂತೆಗೆ ಈಗ ನಮ್ಮ ಕಡೆಯ ಮಕ್ಕಳೂ ಬರುತ್ತಿದ್ದಾರೆ. ಅಲ್ಲಿಯ ಸರಕಾರ ‘ವರ್ಕ್ ಅಂಡ್ ಹಾಲಿಡೇ’ ಎಂಬ, 462 ಸಂಖ್ಯೆಯ ವೀಸಾವನ್ನು 2024ರಲ್ಲಿ ಭಾರತೀಯರಿಗೂ ತೆರೆಯಿತು. ವಯಸ್ಸು 18ರಿಂದ 30, ವರ್ಷಕ್ಕೆ 1,000 ಮಂದಿ, ಆಯ್ಕೆ ಲಾಟರಿ ಎತ್ತಿದಂತೆ. ಮೊದಲ ಸಲ ಹೀಗೆ ಹೆಸರು ಬಂದವರಲ್ಲಿ ಸಕಲೇಶಪುರದ ಒಬ್ಬ ಹುಡುಗಿ ಇದ್ದಳು. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಮೂರು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವಳು. ಜೊತೆಗೆ ಅವಳ ಹಾಸ್ಟೆಲ್ ಗೆಳತಿ, ಧಾರವಾಡದವಳು. ಸಿಡ್ನಿಯ ಹೊರವಲಯದಲ್ಲಿ ಇಬ್ಬರೂ ಚಳಿಗಾಲವೆಲ್ಲ ಅಡುಗೆಮನೆಯಲ್ಲಿ, ಗೋದಾಮಿನಲ್ಲಿ ದುಡಿದರು, ಅಲ್ಲಿಯ ಪರೀಕ್ಷೆ ಕೊಟ್ಟು ಡ್ರೈವಿಂಗ್ ಲೈಸೆನ್ಸ್ ಪಡೆದರು. ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರವಾದ್ದರಿಂದ ಕೈ ಬೇಗ ಕೂತಿತು. 2025ರ ಸೆಪ್ಟೆಂಬರ್, ಅಂದರೆ ಅಲ್ಲಿಯ ವಸಂತ, ಶುರುವಾಗುತ್ತಿದ್ದಂತೆ ವ್ಯಾನ್ ಹುಡುಕಲು ಹೊರಟರು.

ಊರಿನಲ್ಲಿ ಹುಡುಗಿಯ ಅಪ್ಪ ಕೆ.ಎಸ್.ಆರ್.ಟಿ.ಸಿ. ಡಿಪೊದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮಗಳು ವಿಷಯ ಹೇಳಿದಾಗ ಅವರು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ. ಅವಳ ದುಡಿಮೆ ಅವಳದು. ಸರಿ ಎನ್ನಲು ಮನಸ್ಸು ಬರಲಿಲ್ಲ. ಇಬ್ಬರು ಹೆಣ್ಣುಮಕ್ಕಳು, ಗುರುತಿಲ್ಲದ ದೇಶ, ಹಳೆಯ ಗಾಡಿ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ:

“ಗಾಡಿ ಯಾವುದು ಪುಟ್ಟಿ?”

“ಟೊಯೊಟಾ ಹಯಾಸ್ ಅಪ್ಪ. ಇಲ್ಲಿ ಎಲ್ರೂ ಅದನ್ನೇ ಹುಡುಕ್ತಾರೆ. ಬಿಡಿಭಾಗ ಎಲ್ಲಿ ಬೇಕಾದ್ರೂ ಸಿಗುತ್ತಂತೆ.”

“ಹಾಗಾದ್ರೆ ನನಗೆ ತೋರಿಸದೆ ಅಡ್ವಾನ್ಸ್ ಕೊಡಬೇಡ. ಫೋನಲ್ಲೇ ನೋಡ್ತೀನಿ. ನೋಡೋಕೆ ಹೋಗೋ ಹಿಂದಿನ ದಿನ ಅವ್ರಿಗೆ ಹೇಳು: ನಾವು ಬರೋವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ.”

ಈ ಕೊನೆಯ ಮಾತು ಹಳೆಯ ಗಾಡಿ ಕೊಳ್ಳುವವರಿಗೆಲ್ಲ ಅನ್ವಯಿಸುತ್ತದೆ. ಬಿಸಿಯಾದ ಎಂಜಿನ್ ಒಳ್ಳೆಯ ನಟ. ಲೋಹ ಹಿಗ್ಗಿ ಸಂದುಗಳು ಕೂಡಿಕೊಂಡಿರುತ್ತವೆ, ಎಣ್ಣೆ ಎಲ್ಲ ಕಡೆ ಹರಡಿರುತ್ತದೆ, ಬ್ಯಾಟರಿಗೆ ಚಾರ್ಜ್ ಏರಿರುತ್ತದೆ. ತಣ್ಣಗಿದ್ದು ಬೆಳಗಿನ ಮೊದಲ ಸಲ ಸ್ಟಾರ್ಟ್ ಆಗುವಾಗ ಮಾತ್ರ ಕೆಮ್ಮು, ಗೊರಗೊರ, ಹೊಗೆ ಎಲ್ಲ ಹೊರಬರುತ್ತವೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ತಂಪು ಮಾಡುವ ನೀರು ಸಿಲಿಂಡರಿಗೆ ಇಳಿಯುತ್ತಿದೆ. ಕಪ್ಪು ಹೊಗೆ ಇಂಧನ ಹೆಚ್ಚಾಗಿ ಹೋಗುತ್ತಿರುವುದರ ಗುರುತು.

ಮೊದಲು ನೋಡಲು ಹೋದ ವ್ಯಾನು ಕಣ್ಣಿಗೆ ಚಂದವಿತ್ತು. ಒಳಗೆ ಬಣ್ಣದ ದೀಪದ ಸರ, ಗೋಡೆಗೆ ಭೂಪಟ. ಮೈಲಿಗಲ್ಲಿನ ಲೆಕ್ಕದಲ್ಲೂ ಕಡಿಮೆ ಓಡಿದ ಗಾಡಿ. ಹುಡುಗಿ ಎಂಜಿನ್ ಮುಟ್ಟಿ ನೋಡಿದಳು, ಬೆಚ್ಚಗಿತ್ತು. ಆ ಮಾದರಿಯ ಹಯಾಸ್‌ನಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿದರೆ ಎಂಜಿನ್. ಅಪ್ಪ ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಬದಿ ತೋರಿಸು ಎಂದರು. ಹಾಲು ಹೆಚ್ಚಾದ ಕಾಫಿಯ ಬಣ್ಣದ, ಬೆಣ್ಣೆಯಂಥ ಪದಾರ್ಥ ಮೆತ್ತಿಕೊಂಡಿತ್ತು. ಚಳಿಯ ದೇಶದಲ್ಲಿ ಬರಿ ಹತ್ತಿರದ ಓಡಾಟಕ್ಕೆ ಬಳಸಿದ ಗಾಡಿಯಲ್ಲೂ ತೇವ ಕೂತು ಸ್ವಲ್ಪ ಹೀಗಾಗುವುದುಂಟು. ಆದರೆ ರೇಡಿಯೇಟರಿನ ನೀರಿನ ಮೇಲೂ ಎಣ್ಣೆಯ ಪದರ ತೇಲುತ್ತಿತ್ತು. ಎರಡೂ ಕೂಡಿದರೆ ಅರ್ಥ ಒಂದೇ: ಎಂಜಿನ್ನಿನ ತಲೆಗೂ ಮೈಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಆಮೇಲೆ ಆಯಸ್ಕಾಂತದ ಪರೀಕ್ಷೆ. ಇದು ಶಾಲೆಯ ವಿಜ್ಞಾನ. ಫ್ರಿಜ್ ಬಾಗಿಲಿಗೆ ಅಂಟಿಸುವ ಚಿಕ್ಕ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಗಾಡಿಯ ಮೈಮೇಲೆ ಎಳೆಯುತ್ತ ಹೋಗಬೇಕು. ತಗಡಿರುವ ಕಡೆ ಅದು ಕಚ್ಚಿಕೊಳ್ಳುತ್ತದೆ. ತುಕ್ಕು ತಿಂದ ತೂತಿಗೆ ಲಪ್ಪ ಮೆತ್ತಿ ಬಣ್ಣ ಬಳಿದಿದ್ದರೆ ಅಲ್ಲಿ ಬಿದ್ದುಹೋಗುತ್ತದೆ. ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಅದು ಮೂರು ಸಲ ಬಿತ್ತು. ಸಮುದ್ರತೀರದಲ್ಲಿ ವರ್ಷಗಟ್ಟಲೆ ನಿಂತ ಗಾಡಿಗಳಿಗೆ ಉಪ್ಪುಗಾಳಿಯ ಕಾಟ ಹೆಚ್ಚು. ಉಪ್ಪು ಕರಗಿದ ತೇವದಲ್ಲಿ ಅಯಾನುಗಳ ಸಂಚಾರ ಸುಲಭವಾಗಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. “ಕೈ ಮುಗಿದು ಬಾಮ್ಮ” ಎಂದು ಅಪ್ಪ ಫೋನಿಟ್ಟರು.

ಎರಡನೆಯದರ ಕತೆ ಚಿಕ್ಕದು. ಗಾಡಿ ಚೆನ್ನಾಗಿತ್ತು, ಕಾಗದ ಚೆನ್ನಾಗಿರಲಿಲ್ಲ. ಆಸ್ಟ್ರೇಲಿಯದಲ್ಲಿ ವಾಹನದ ಮೇಲೆ ಸಾಲ ಬಾಕಿ ಇದೆಯೇ ಎಂದು ನೋಡಲು 2012ರಿಂದ ಇಡೀ ದೇಶಕ್ಕೆ ಒಂದೇ ನೋಂದಣಿ ಪುಸ್ತಕವಿದೆ. ಪಿಪಿಎಸ್ಆರ್ ಎನ್ನುತ್ತಾರೆ. ವಾಹನದ ಮೈಮೇಲೆ ಒತ್ತಿರುವ 17 ಅಕ್ಷರ-ಅಂಕಿಗಳ ವಿನ್ ಸಂಖ್ಯೆಯನ್ನು ಕೊಟ್ಟು ಎರಡು ಡಾಲರ್ ಕಟ್ಟಿದರೆ ಕ್ಷಣದಲ್ಲಿ ತಿಳಿಯುತ್ತದೆ. (ಆ ಹದಿನೇಳರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ, ಒಂದು, ಸೊನ್ನೆಗಳೊಡನೆ ಗೊಂದಲವಾಗದಿರಲೆಂದು ಬಿಟ್ಟಿದ್ದಾರೆ. ಅವು ಕಂಡರೆ ಓದಿದ್ದು ತಪ್ಪು, ಇಲ್ಲವೇ ಸಂಖ್ಯೆಯೇ ಸುಳ್ಳು.) ಆ ವ್ಯಾನಿನ ಮೇಲೆ ಸಾಲವಿತ್ತು. ಮಾರುವವರು ನಾಳೆಯೇ ತೀರಿಸುತ್ತೇವೆ ಎಂದರು. ಸಾಲ ತೀರದ ಗಾಡಿಯನ್ನು ಕೊಂಡರೆ ಸಾಲ ಕೊಟ್ಟವರು ಹೊಸ ಮಾಲಿಕರ ಮನೆಬಾಗಿಲಿನಿಂದಲೂ ಎಳೆದುಕೊಂಡು ಹೋಗಬಲ್ಲರು. ಆ ಮಾತು ಅಲ್ಲಿಗೇ ನಿಂತಿತು.

ಮೂರು ವಾರ ಹೀಗೇ ಕಳೆಯಿತು. ಗೆಳತಿಗೆ ಬೇಸರ ಬಂದಿತ್ತು. “ನಿಮ್ಮಪ್ಪ ಯಾವ ಗಾಡಿನೂ ಒಪ್ಪಂಗಿಲ್ಲ ಬಿಡಲೆ” ಎಂದು ಅವಳು ರೇಗಿದ್ದೂ ಉಂಟು. ಹತ್ತಿಪ್ಪತ್ತು ಸಲ ಬೇಡವೆಂದ ಮೇಲೆ ಒಂದು ಹಂತದಲ್ಲಿ ಮನಸ್ಸು ಸಾಕೆನ್ನುತ್ತದೆ, ಮುಂದೆ ಕಂಡದ್ದೇ ಚಂದ ಎನಿಸುತ್ತದೆ. ಮೋಸ ಹೋಗುವುದು ಸಾಮಾನ್ಯವಾಗಿ ಆಗ.

ಸಿಕ್ಕಿದ ವ್ಯಾನು 2003ರ ತಯಾರಿಕೆ. ಪೆಟ್ರೋಲ್ ಎಂಜಿನ್. ಮೀಟರಿನಲ್ಲಿ 3,40,000 ಕಿಲೋಮೀಟರ್. ಗೆಳತಿ ಆ ಅಂಕಿ ನೋಡಿಯೇ ಹಿಂಜರಿದಳು. ಅಪ್ಪ ಹಿಂಜರಿಯಲಿಲ್ಲ. “ನಮ್ಮ ಬಸ್ಸು ಹತ್ತು ಲಕ್ಷ ಓಡ್ತವೆ. ಎಷ್ಟು ಓಡಿದೆ ಅನ್ನೋದಲ್ಲ, ಎಣ್ಣೆ ಯಾವಾಗ ಯಾವಾಗ ಬದಲಿಸಿದ್ದಾರೆ ಅನ್ನೋದು ಪ್ರಶ್ನೆ. ಬಿಲ್ಲು ಕೇಳು.” ಮಾರುವ ದಂಪತಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಲ್ಲುಗಳನ್ನೆಲ್ಲ ಇಟ್ಟಿದ್ದರು. ಅವರಿಗಿಂತ ಹಿಂದಿನ ಇಬ್ಬರು ಮಾಲಿಕರ ಬಿಲ್ಲುಗಳೂ ಅದರಲ್ಲಿದ್ದವು. ಎಂಜಿನ್ ತಣ್ಣಗಿತ್ತು. ಫೋನನ್ನು ಸೀಟಿನ ಕೆಳಗೆ ಹಿಡಿದು ಸ್ಟಾರ್ಟ್ ಮಾಡಿಸಿದರು. ಸಕಲೇಶಪುರದಲ್ಲಿ ಅಪ್ಪ ಫ್ಯಾನ್ ಆರಿಸಿ, ಅಮ್ಮನಿಗೆ ಒಗ್ಗರಣೆ ನಿಲ್ಲಿಸಲು ಹೇಳಿ, ಕಣ್ಣು ಮುಚ್ಚಿ ಕೇಳಿದರು. ಎರಡು ಸಲ ಕೇಳಿದರು. “ಟೈಮಿಂಗ್ ಚೈನು ಸ್ವಲ್ಪ ಸದ್ದು ಮಾಡುತ್ತೆ, ಎಣ್ಣೆ ಏರಿದ ಮೇಲೆ ನಿಲ್ತಾ ಇದೆ. ತೊಂದರೆ ಇಲ್ಲ” ಎಂದರು.

ಟೈರುಗಳ ವಿಷಯ ಮಾತ್ರ ಅವರು ಬಿಡಲಿಲ್ಲ. ಟೈರಿನ ಪಕ್ಕದ ಗೋಡೆಯ ಮೇಲೆ ತಯಾರಿಕೆಯ ದಿನಾಂಕ ನಾಲ್ಕು ಅಂಕಿಗಳಲ್ಲಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ 2014ರ ಇಪ್ಪತ್ತಮೂರನೆಯ ವಾರ. ಹಿಂದಿನ ಎರಡು ಟೈರುಗಳ ಮೇಲೆ ಹಾಗೇ ಇತ್ತು. ಪಟ್ಟೆಗಳು ಸವೆದಿರಲಿಲ್ಲ, ನೋಡಲು ಹೊಸದರಂತೆ ಇದ್ದವು. ಆದರೆ ರಬ್ಬರು ಬಿಸಿಲಿಗೂ ಗಾಳಿಯ ಆಮ್ಲಜನಕಕ್ಕೂ ಗಡುಸಾಗುತ್ತ ಹೋಗುತ್ತದೆ. ಹನ್ನೊಂದು ವರ್ಷದ ಟೈರು ನಲವತ್ತು ಡಿಗ್ರಿ ಬಿಸಿಲಿನ ರಸ್ತೆಯಲ್ಲಿ ಭಾರ ಹೊತ್ತು ಓಡಿದರೆ ಸಿಡಿಯುವ ಅಪಾಯವಿದೆ. ಅದನ್ನು ಹೇಳಿ ಬೆಲೆ ಇಳಿಸಿದರು. ಕೇಳಿದ್ದು 9,500 ಡಾಲರ್, ಮುಗಿದದ್ದು 8,400ಕ್ಕೆ. ನಮ್ಮ ಲೆಕ್ಕದಲ್ಲಿ ನಾಲ್ಕೂಮುಕ್ಕಾಲು ಲಕ್ಷದ ಆಸುಪಾಸು. “ಇಲ್ಲಿ ಹೊಸ ಸಣ್ಣ ಕಾರೇ ಬರ್ತಿತ್ತಲ್ಲೋ” ಎಂದು ಅಮ್ಮ ಹಿಂದಿನಿಂದ ಹೇಳಿದ್ದು ಸಿಡ್ನಿಗೂ ಕೇಳಿಸಿತು.

ಕೊಳ್ಳುವ ನಿಯಮಗಳು ಅಲ್ಲಿ ರಾಜ್ಯಕ್ಕೊಂದು ಬಗೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಸುರಕ್ಷತಾ ಪ್ರಮಾಣಪತ್ರವಿಲ್ಲದೆ ನೋಂದಾಯಿತ ವಾಹನವನ್ನು ಮಾರಾಟಕ್ಕಿಡುವಂತೆಯೇ ಇಲ್ಲ. ವಿಕ್ಟೋರಿಯದಲ್ಲಿ ‘ರೋಡ್‌ವರ್ದಿ’ ಪತ್ರ ಬೇಕು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಐದು ವರ್ಷ ಮೀರಿದ ವಾಹನಕ್ಕೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ‘ಪಿಂಕ್ ಸ್ಲಿಪ್’ ಪಡೆದು ನೋಂದಣಿ ನವೀಕರಿಸಬೇಕು. ಆದರೆ ನೋಂದಣಿ ಜೀವಂತವಿರುವ ವಾಹನ ಒಬ್ಬರಿಂದೊಬ್ಬರಿಗೆ ಮಾರಾಟವಾಗುವಾಗ ಹೊಸ ತಪಾಸಣೆ ಕೇಳುವುದಿಲ್ಲ. ಕೊಂಡವರು 14 ದಿನಗಳಲ್ಲಿ ಹೆಸರು ಬದಲಿಸಿಕೊಂಡು, ನೂರಕ್ಕೆ 3 ಡಾಲರಿನಂತೆ ಸುಂಕ ಕಟ್ಟಬೇಕು. ನೋಂದಣಿಯ ಜೊತೆಗೆ ಕಡ್ಡಾಯವಾದ ವಿಮೆ, ಆ ರಾಜ್ಯದವರು ‘ಗ್ರೀನ್ ಸ್ಲಿಪ್’ ಎನ್ನುವುದು, ಜನರಿಗಾದ ಗಾಯಕ್ಕೆ ಮಾತ್ರ. ಎದುರಿನ ಕಾರು ಜಜ್ಜಿದರೆ ಅದರ ಖರ್ಚು ಸ್ವಂತ ಕಿಸೆಯಿಂದ. ಇದು ಗೊತ್ತಿಲ್ಲದೆ ಎಷ್ಟೋ ಹುಡುಗರು ಬರಿ ಕಡ್ಡಾಯ ವಿಮೆ ನಂಬಿ ಓಡಿಸುತ್ತಾರೆ. ಹುಡುಗಿ ಲೆಕ್ಕದವಳಾದ್ದರಿಂದ ಇತರರ ಆಸ್ತಿನಷ್ಟದ ವಿಮೆಯನ್ನೂ ಅದೇ ದಿನ ಮಾಡಿಸಿದಳು.

ಹೆಸರು ಬದಲಾದ ಸಂಜೆ ಇಬ್ಬರೂ ಹೊದಿಕೆ, ದಿಂಬು ಕೊಳ್ಳಲು ಹೊರಟರು. ಅಪ್ಪ ತಡೆದರು. ಮೊದಲು ಕೊಳ್ಳಬೇಕಾದದ್ದು ಬೇರೆ. ಇಂಗಾಲದ ಮಾನಾಕ್ಸೈಡ್ ಅಳೆದು ಕೂಗುವ ಪುಟ್ಟ ಅಲಾರಂ.

ಡಿಪೊದಲ್ಲಿ ಚಳಿಗೆ ಬಾಗಿಲು ಹಾಕಿದ ಷೆಡ್ಡಿನೊಳಗೆ ಎಂಜಿನ್ ಓಡಿಸಿ ತಲೆಸುತ್ತಿ ಬಿದ್ದವರನ್ನು ಅವರು ಕಂಡಿದ್ದರು. ವ್ಯಾನೆಂದರೆ ತಗಡಿನ ಪೆಟ್ಟಿಗೆ. ಚಳಿಗೆ ಕಿಟಕಿ ಮುಚ್ಚಿ ಒಳಗೆ ಗ್ಯಾಸ್ ಒಲೆ ಉರಿಸಿದರೆ, ಅಥವಾ ಸೈಲೆನ್ಸರ್ ಕೊಳವೆ ಸೀಳಿ ಹಿಂಬಾಗಿಲ ರಬ್ಬರಿನ ಸಂದಿನಿಂದ ಹೊಗೆ ಒಳಬಂದರೆ, ಈ ಅನಿಲ ತುಂಬಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ರಕ್ತದಲ್ಲಿ ಆಮ್ಲಜನಕಕ್ಕೆ ಜಾಗವಿಲ್ಲವಾಗುತ್ತದೆ. ಮಲಗಿದ್ದವರಿಗೆ ಎಚ್ಚರವೇ ಆಗದಿರಬಹುದು. ಅಡುಗೆ ಅನಿಲದ ಸ್ವಭಾವ ಬೇರೆ. ಅದು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನೀರಿನಂತೆ ಹರಡಿ ನಿಲ್ಲುತ್ತದೆ. ಅದಕ್ಕೇ ಸಿಲಿಂಡರ್ ಗೂಡಿನ ತೂತು ಕೆಳಗಡೆ ಇರಬೇಕು. ಮಾನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕ, ಎಲ್ಲ ಕಡೆ ಬೆರೆಯುತ್ತದೆ. ಅಲಾರಂ ಅನ್ನು ಮಲಗುವ ತಲೆಯ ಮಟ್ಟದಲ್ಲಿ ಇಡಬೇಕು. ಒಲೆ ಹೊರಗೆ ಹಚ್ಚುವುದು, ಹಿಂಬಾಗಿಲು ಎತ್ತಿಯೇ ಅಡುಗೆ, ಎಂಬುದನ್ನು ಅಪ್ಪ ಮಗಳಿಂದ ಮಾತು ತೆಗೆದುಕೊಂಡರು. ಗೆಳತಿಯಿಂದಲೂ ಬೇರೆಯಾಗಿ ತೆಗೆದುಕೊಂಡರು.

ಎರಡನೆಯ ಬ್ಯಾಟರಿಯ ಲೆಕ್ಕವನ್ನು ಹುಡುಗಿಯೇ ಮಾಡಿದಳು. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಫ್ರಿಜ್ ಓಡಿಸಿದರೆ ಬೆಳಿಗ್ಗೆ ಗಾಡಿ ಕದಲುವುದಿಲ್ಲ, ಅದಕ್ಕೇ ಬೇರೊಂದು. ನೂರು ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೆ ಅದು ಬಾಳುತ್ತದೆ. ಐವತ್ತು ಆಂಪಿಯರ್-ಗಂಟೆ, ಹನ್ನೆರಡು ವೋಲ್ಟ್, ಅಂದರೆ 600 ವಾಟ್-ಗಂಟೆ. ಒಂದು ಪುಟ್ಟ ಫ್ರಿಜ್, ಎರಡು ಫೋನು, ಒಂದು ದೀಪಕ್ಕೆ ಒಂದು ದಿನಕ್ಕೆ ಸಾಕು. ಎರಡು ದಿನ ನಿಂತಲ್ಲೇ ನಿಂತರೆ ಸಾಲದು.

ಹೊರಟಿದ್ದು ಅಕ್ಟೋಬರಿನಲ್ಲಿ. ಸಿಡ್ನಿಯಿಂದ ದಕ್ಷಿಣಕ್ಕೆ ವೊಲೊಂಗಾಂಗ್ ಕಡೆಗೆ ಇಳಿಯುವಾಗ ಮೌಂಟ್ ಔಸ್ಲಿ ಎಂಬ ಕಡಿದಾದ ಇಳಿಜಾರು ಬರುತ್ತದೆ. ಅಪ್ಪನ ಶಿರಾಡಿ ಘಾಟಿಯ ಪಾಠ ಇಲ್ಲಿ ಉಪಯೋಗಕ್ಕೆ ಬಂತು: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಇದರ ಹಿಂದಿನ ಲೆಕ್ಕ ವಿದ್ಯಾರ್ಥಿಗಳಿಗೆ ರುಚಿಸೀತು. ಸಾಮಾನು ಸೇರಿ 2,200 ಕಿಲೋ ತೂಗುವ ವ್ಯಾನು 300 ಮೀಟರ್ ಎತ್ತರದಿಂದ ಇಳಿದರೆ ಕಳೆದುಕೊಳ್ಳುವ ವಿಭವ ಶಕ್ತಿ ಸುಮಾರು 65 ಲಕ್ಷ ಜೂಲ್. ಬರಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಇದರ ಬಹುಭಾಗ ಬ್ರೇಕುಗಳಲ್ಲಿ ಶಾಖವಾಗಬೇಕು. ಅಷ್ಟು ಶಾಖಕ್ಕೆ 19 ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಬ್ರೇಕಿನ ಪಟ್ಟಿ ಕಾದರೆ ಹಿಡಿತ ತಪ್ಪುತ್ತದೆ. ಹಳೆಯ ಬ್ರೇಕ್ ಎಣ್ಣೆಯಲ್ಲಿ ತೇವ ಸೇರಿದ್ದರೆ ಅದು ಕುದಿದು ಗುಳ್ಳೆಯಾಗಿ ಪೆಡಲ್ ನೆಲಕ್ಕೆ ಹೋಗುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೇ ತಡೆ ಹಿಡಿಯುತ್ತದೆ.

ಲೆಕ್ಕ ಬೇಕಾದ ಇನ್ನೊಂದು ಕಡೆ ರೋಡ್ ಟ್ರೇನ್. ಒಂದು ಲಾರಿಗೆ ಮೂರು ನಾಲ್ಕು ಟ್ರೇಲರ್ ಕಟ್ಟಿ ಎಳೆಯುವ ಈ ಸರಂಜಾಮು ಉತ್ತರದ ರಸ್ತೆಗಳಲ್ಲಿ 53.5 ಮೀಟರ್ ಉದ್ದದವರೆಗೂ ಇರುತ್ತದೆ. ಐವತ್ತು ಮೀಟರಿನ ಒಂದು ರೋಡ್ ಟ್ರೇನ್ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ, ವ್ಯಾನಿನ ವೇಗ 100 ಎನ್ನೋಣ. ವ್ಯತ್ಯಾಸ 10 ಮಾತ್ರ, ಸೆಕೆಂಡಿಗೆ 2.8 ಮೀಟರ್. ಹಿಂದೆ 50 ಮೀಟರ್, ಅದರ ಉದ್ದ 50, ಮುಂದೆ 50, ಒಟ್ಟು 150 ಮೀಟರ್ ಹೆಚ್ಚಿಗೆ ಕ್ರಮಿಸಲು 54 ಸೆಕೆಂಡ್ ಬೇಕು. ಅಷ್ಟರಲ್ಲಿ ವ್ಯಾನು ಒಂದೂವರೆ ಕಿಲೋಮೀಟರ್ ಹೋಗಿರುತ್ತದೆ, ಎದುರಿನಿಂದ ಅದೇ ವೇಗದಲ್ಲಿ ಬರುವ ಕಾರೂ ಒಂದೂವರೆ ಕಿಲೋಮೀಟರ್ ಬಂದಿರುತ್ತದೆ. ಮೂರು ಕಿಲೋಮೀಟರ್ ಖಾಲಿ ರಸ್ತೆ ಕಾಣದಿದ್ದರೆ ಹಿಂದೆಯೇ ಇರುವುದು ಕ್ಷೇಮ. ಸಾಪೇಕ್ಷ ವೇಗದ ಅಧ್ಯಾಯವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರು ಅದನ್ನು ಅಲ್ಲಿ ಜೀವ ಉಳಿಸಿಕೊಳ್ಳಲು ಬಳಸಬೇಕಾಗುತ್ತದೆ. ಹುಡುಗಿಯರು ಹಿಂದೆಯೇ ಉಳಿದು, ನಿಂತು, ಚಹಾ ಕುಡಿದು ಮುಂದೆ ಹೋದರು. ಸಂಜೆ ಮಬ್ಬಿನಲ್ಲೂ ನಸುಕಿನಲ್ಲೂ ಓಡಿಸಲಿಲ್ಲ. ಕಾಂಗರೂಗಳು ರಸ್ತೆಗಿಳಿಯುವ ಹೊತ್ತು ಅದು. ಹಯಾಸ್‌ನಂಥ ವ್ಯಾನಿನಲ್ಲಿ ಮುಂದೆ ಮೂತಿಯಿಲ್ಲ. ಡಿಕ್ಕಿಯ ಪೆಟ್ಟು ತಿನ್ನಲು ಮೊದಲು ಸಿಗುವುದು ಓಡಿಸುವವರ ಕಾಲು.

ಅಡಿಲೇಡ್ ದಾಟಿದ ಮೇಲೆ ನಲ್ಲರ್‌ಬಾರ್. ಲ್ಯಾಟಿನ್ ಭಾಷೆಯಲ್ಲಿ ‘ಮರವಿಲ್ಲದ್ದು’. ಸುಣ್ಣಕಲ್ಲಿನ ಬಯಲು, ಬಿದ್ದ ಮಳೆ ಇಂಗಿಹೋಗುತ್ತದೆ, ಹೊಳೆಯಿಲ್ಲ. ಎಡ್ವರ್ಡ್ ಜಾನ್ ಏರ್ ಎಂಬಾತ 1841ರಲ್ಲಿ ವೈಲಿ ಎಂಬ ಮೂಲನಿವಾಸಿ ಯುವಕನೊಡನೆ ಈ ದಾರಿಯನ್ನು ದಾಟಿದ. ಹೆದ್ದಾರಿಗೆ ಅವನದೇ ಹೆಸರು. ಸೆಡುನಾದಿಂದ ನಾರ್ಸ್‌ಮನ್‌ವರೆಗೆ ಸುಮಾರು 1,200 ಕಿಲೋಮೀಟರ್, ನಡುವೆ ಪೆಟ್ರೋಲ್ ಬಂಕಿನ ಜೊತೆ ಊಟ ಕೊಡುವ ಕೆಲವು ರೋಡ್‌ಹೌಸ್‌ಗಳು. ಒಂದು ಕಡೆ 146.6 ಕಿಲೋಮೀಟರ್ ಒಂದೇ ಒಂದು ತಿರುವಿಲ್ಲದ ನೇರ ರಸ್ತೆ. ಪಶ್ಚಿಮ ಆಸ್ಟ್ರೇಲಿಯದ ಗಡಿಯಲ್ಲಿ ಹಣ್ಣು, ತರಕಾರಿ, ಜೇನುತುಪ್ಪವನ್ನು ತಪಾಸಣೆಯವರು ತೆಗೆದುಕೊಳ್ಳುತ್ತಾರೆ. ಕೀಟ, ರೋಗ ದಾಟಬಾರದೆಂದು. ಇವರ ಟೊಮೆಟೊ ಹೋಯಿತು, ನಿಂಬೆಹಣ್ಣು ಹೋಯಿತು, ಕರಿಬೇವಿನ ಕಟ್ಟೂ ಹೋಯಿತು. ಕರಿಬೇವು ನಿಂಬೆ-ಕಿತ್ತಳೆಗಳ ಕುಟುಂಬಕ್ಕೇ ಸೇರಿದ ಗಿಡವೆಂಬುದು ಸಾರಿಗೆ ಹಾಕುವಾಗ ಯಾರಿಗೂ ನೆನಪಿರುವುದಿಲ್ಲ.

ತೊಂದರೆಯಾದದ್ದು ಗಡಿ ದಾಟಿದ ಮರುದಿನ. ಬೆಳಿಗ್ಗೆ ಹತ್ತರ ಸುಮಾರಿಗೆ ಉಷ್ಣದ ಮುಳ್ಳು ಮೇಲೆ ಹೋಯಿತು. ಇಂಥಲ್ಲಿ ‘ಮುಂದಿನ ಬಂಕಿನವರೆಗೆ ಹೋಗಿಬಿಡೋಣ’ ಎನ್ನುವವರು ಎಂಜಿನ್ ಕಳೆದುಕೊಳ್ಳುತ್ತಾರೆ. ಹುಡುಗಿ ಗಾಡಿಯನ್ನು ರಸ್ತೆಯಿಂದ ಇಳಿಸಿ ಎಂಜಿನ್ ಆರಿಸಿದಳು. ಸೀಟು ಎತ್ತಿದರೆ ಉಗಿ. ರೇಡಿಯೇಟರಿನ ಮೇಲಿನ ರಬ್ಬರ್ ಕೊಳವೆ ಸೀಳಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ.

ಆಗ ಮಾಡಬಾರದ ಕೆಲಸ ಎರಡು. ಒಂದು, ಮುಚ್ಚಳ ತೆಗೆಯುವುದು. ಕೊಳವೆ ಸೀಳಿದ್ದರೂ ಒಳಗೆಲ್ಲಾದರೂ ಒತ್ತಡ ಉಳಿದಿರಬಹುದು. ಪ್ರೆಶರ್ ಕುಕ್ಕರಿನಂತೆ ರೇಡಿಯೇಟರಿನಲ್ಲೂ ಒತ್ತಡದಿಂದಾಗಿ ನೀರು ನೂರು ಡಿಗ್ರಿ ಮೀರಿದರೂ ಕುದಿಯದೆ ಇರುತ್ತದೆ. ಮುಚ್ಚಳ ಬಿಚ್ಚಿದೊಡನೆ ಒಮ್ಮೆಗೇ ಉಗಿಯಾಗಿ ಮುಖಕ್ಕೆ ಎರಚುತ್ತದೆ. ಎರಡು, ಗಾಡಿ ಬಿಟ್ಟು ಸಹಾಯ ಹುಡುಕುತ್ತ ನಡೆದುಹೋಗುವುದು. ಆ ಬಯಲಿನಲ್ಲಿ ನಡೆಯುವ ಮನುಷ್ಯನಿಗಿಂತ ನಿಂತ ವಾಹನ ಬೇಗ ಕಣ್ಣಿಗೆ ಬೀಳುತ್ತದೆ, ನೆರಳೂ ನೀರೂ ಅದರಲ್ಲೇ ಇರುತ್ತವೆ. ಇವರ ಬಳಿ 40 ಲೀಟರ್ ನೀರಿತ್ತು. ನಲವತ್ತು ಲೀಟರ್ ಅಂದರೆ ನಲವತ್ತು ಕಿಲೋ ಭಾರ ಯಾಕೆ ಎಂದು ಗೆಳತಿ ಸಿಡ್ನಿಯಲ್ಲಿ ಜಗಳ ಮಾಡಿದ್ದಳು.

ಎರಡು ಗಂಟೆ ನೆರಳಲ್ಲಿ ಕುಳಿತರು. ಸೀಟಿನ ಹಿಂದಿನ ಪೆಟ್ಟಿಗೆಯಲ್ಲಿ ಅಪ್ಪ ಪಟ್ಟು ಹಿಡಿದು ಕೊಳ್ಳಿಸಿದ್ದ ಮೇಲಿನ ಕೊಳವೆ, ಕೆಳಗಿನ ಕೊಳವೆ, ಫ್ಯಾನ್ ಬೆಲ್ಟು, ನಾಲ್ಕು ಕ್ಲಿಪ್ಪು ಇದ್ದವು. ಎಲ್ಲ ಸೇರಿ ಒಂದು ಊಟದ ಬೆಲೆ. ಹಳೆಯ ಕೊಳವೆ ಅಂಟಿಕೊಂಡು ಬರಲೊಲ್ಲದು. ಚಾಕುವಿನಿಂದ ಉದ್ದಕ್ಕೆ ಸೀಳಿ ತೆಗೆದರು. ಹೊಸದು ಕೂರಿಸಲು ಅದರ ಬಾಯಿಗೆ ಪಾತ್ರೆ ತೊಳೆಯುವ ಸೋಪು ಸವರಿದರು. ಅಷ್ಟರಲ್ಲಿ ಎರಡು ಗಾಡಿಗಳು ನಿಂತು ವಿಚಾರಿಸಿದವು. ಅದು ಆ ರಸ್ತೆಯ ರೂಢಿ. ನೀರು ತುಂಬಿ, ಎಂಜಿನ್ ಓಡಿಸಿ, ಗಾಳಿಯ ಗುಳ್ಳೆ ಹೋಗಲು ಬಿಟ್ಟು, ಮತ್ತೆ ತುಂಬಿ ಹೊರಟಾಗ ಮಧ್ಯಾಹ್ನ ಮೂರು ಮೀರಿತ್ತು. ಆಮೇಲೂ ಅರವತ್ತರ ವೇಗ ದಾಟಲಿಲ್ಲ.

ಸಕಲೇಶಪುರದಲ್ಲಿ ಆ ದಿನ ಅಪ್ಪ ಬೆಳಗಿನ ತಿಂಡಿ ಅರ್ಧಕ್ಕೆ ಬಿಟ್ಟಿದ್ದರು. ದಿನಾ ಎರಡು ಸಲ ಬರಬೇಕಾದ ಸಂದೇಶ ಬಂದಿರಲಿಲ್ಲ. ರೋಡ್‌ಹೌಸ್‌ಗಳ ಹೆಸರು, ನಡುವಿನ ದೂರ ಬರೆದ ಹಾಳೆ ಮೇಜಿನ ಮೇಲಿತ್ತು. ಅದರ ಮೇಲೆ ಬೆರಳಿಟ್ಟು ಲೆಕ್ಕ ಹಾಕುತ್ತ ಕುಳಿತಿದ್ದರು. ಅಮ್ಮ ದೇವರ ಮುಂದೆ ದೀಪ ಹಚ್ಚಿ ಏನೂ ಮಾತಾಡಲಿಲ್ಲ. ಫೋನು ಬಂದಾಗ ಇಲ್ಲಿ ನಾಲ್ಕು ಗಂಟೆ.

“ಮೇಲಿನ ಹೋಸ್ ಹೋಗಿತ್ತು ಅಪ್ಪ. ಬದಲಾಯಿಸಿದ್ವಿ.”

“ಕ್ಲಿಪ್ ತಿರುಗಿಸುವಾಗ ತೀರ ಬಿಗಿ ಮಾಡಿಲ್ಲ ತಾನೆ?”

“ಇಲ್ಲ.”

“ಊಟ ಮಾಡಿದ್ರಾ?”

ಆಮೇಲೆ ಅವರು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋದರು.

ಪರ್ತ್ ತಲುಪಿ, ನೈಋತ್ಯದ ಕಾಡುಗಳನ್ನೂ ಸುತ್ತಿ, ವ್ಯಾನ್ ಮಾರಲು ನಿಂತಾಗ ಜನವರಿ. ಇಲ್ಲಿ ಒಂದು ತೊಡಕು ಎದುರಾಯಿತು. ನಂಬರ್ ಪ್ಲೇಟು ನ್ಯೂ ಸೌತ್ ವೇಲ್ಸಿನದು. ಪರ್ತ್‌ನವರು ಕೊಂಡರೆ ತಪಾಸಣೆ ಮಾಡಿಸಿ ಹೊಸದಾಗಿ ನೋಂದಾಯಿಸಬೇಕು. ಪಶ್ಚಿಮ ಆಸ್ಟ್ರೇಲಿಯದ್ದೇ ನೋಂದಣಿಯಿರುವ ಗಾಡಿಗೆ ಹೆಸರು ಬದಲಿಸಲು ಆ ತಪಾಸಣೆ ಬೇಕಿಲ್ಲ. ಆದ್ದರಿಂದ ಅಂಥವಕ್ಕೆ ಗಿರಾಕಿ ಹೆಚ್ಚು. ಎಲ್ಲಿ ಮಾರುತ್ತೇವೆಂಬುದನ್ನು ಕೊಳ್ಳುವ ದಿನವೇ ಯೋಚಿಸಬೇಕು. ಮಾರುವಾಗ ಯೋಚಿಸಿದರೆ ಬೆಲೆ ಬೀಳುತ್ತದೆ. ಇವರ ಪುಣ್ಯಕ್ಕೆ ಪೂರ್ವಕ್ಕೆ, ಸಿಡ್ನಿಗೇ ಹೋಗುವ ಜರ್ಮನಿಯ ಇಬ್ಬರು ಸಿಕ್ಕರು. ಅವರು ಬರುವ ದಿನ ಬೆಳಗಿನಿಂದ ಹುಡುಗಿ ಎಂಜಿನ್ ಮುಟ್ಟಲಿಲ್ಲ. ಅವರು ಕೇಳುವ ಮೊದಲೇ ಸೀಟು ಎತ್ತಿ ತೋರಿಸಿದಳು. ಸೀಳಿದ ಹಳೆಯ ಕೊಳವೆಯನ್ನೂ ಎಸೆಯದೆ ಇಟ್ಟಿದ್ದಳು, ಅದನ್ನೂ ತೋರಿಸಿದಳು. 6,200 ಡಾಲರಿಗೆ ವ್ಯಾಪಾರ ಮುಗಿಯಿತು.

ಕೊಂಡದ್ದಕ್ಕೂ ಮಾರಿದ್ದಕ್ಕೂ ವ್ಯತ್ಯಾಸ 2,200. ಸುಂಕ 252. ಎರಡು ಟೈರು, ಸರ್ವಿಸ್, ವಿಮೆ, ಹೆಸರು ಬದಲಾವಣೆಯ ಶುಲ್ಕ, ಬಿಡಿಭಾಗ ಎಲ್ಲ ಸೇರಿ 1,148. ಒಟ್ಟು 3,600 ಡಾಲರ್. ವ್ಯಾನಿನಲ್ಲಿ ಮಲಗಿದ್ದು 80 ರಾತ್ರಿ. ರಾತ್ರಿಗೆ 45, ತಲೆಗೆ ಇಪ್ಪತ್ತೆರಡೂವರೆ. ಓಡಿದ್ದು 9,000 ಕಿಲೋಮೀಟರ್, ನೂರಕ್ಕೆ 12 ಲೀಟರಿನಂತೆ 1,080 ಲೀಟರ್ ಪೆಟ್ರೋಲು, ಅದು ಬೇರೆ. ಲೆಕ್ಕವನ್ನು ಚಿತ್ರ ತೆಗೆದು ಅಪ್ಪನಿಗೆ ಕಳಿಸಿದಳು. ಅಪ್ಪ ಅದನ್ನು ಎರಡು ಸಲ ಕೂಡಿ ನೋಡಿ ಫೋನು ಮಾಡಿದರು.

“ಮಾರಿದ್ದೀವಿ ಅಂತ ಸಾರಿಗೆ ಇಲಾಖೆಗೆ ತಿಳಿಸಿದ್ಯಾ? ಇಲ್ದಿದ್ರೆ ಅವ್ರು ಮಾಡೋ ದಂಡ ಎಲ್ಲ ನಿನ್ನ ಹೆಸರಿಗೆ ಬರುತ್ತೆ.”

“ಅವ್ರು ದುಡ್ಡು ಕೊಟ್ಟ ತಕ್ಷಣ ತಿಳಿಸ್ದೆ ಅಪ್ಪ.”

“ಆ ಅಲಾರಂ?”

“ಅದು ಗಾಡಿಲೇ ಇದೆ. ಬ್ಯಾಟರಿ ಹೊಸದು ಹಾಕಿ ಕೊಟ್ಟೆ.”